ಹಾದುಹೋಗುವ ದಾರಿಯಲ್ಲ

ಅತ್ತೆಯನ್ನು ಬೆನ್ನ ಮೇಲೆ ಹೊತ್ತು ಮೆಟ್ಟಿಲು ಹತ್ತುವುದಕ್ಕೆ ಒಂದು ಕ್ರಮವಿತ್ತು. ಮೊದಲು ಕುಕ್ಕರಗಾಲಿನಲ್ಲಿ ಕೂರಬೇಕು. ಮುದುಕಿ ಹಿಂದಿನಿಂದ ಬಲಗೈಯನ್ನು ಕೊರಳಿಗೆ ಸುತ್ತಬೇಕು. ಎಡಗೈ ಮಾತ್ರ ಯಾವುದಕ್ಕೂ ಒತ್ತಬಾರದು. ಡಯಾಲಿಸಿಸ್ ಸೂಜಿ ಚುಚ್ಚಲು ಆ ಕೈಯ ನರಗಳನ್ನು ಕೂಡಿಸಿ ಹೊಲಿದಿದ್ದರು. ಅದರ ಮೇಲೆ ಭಾರ ಬಿದ್ದರೆ ಕೈ ಕೆಟ್ಟಿತು, ಕೈ ಕೆಟ್ಟರೆ ಮುದುಕಿಯೂ ಕೆಟ್ಟಳು. ಹಾಗಾಗಿ ಅವಳು ಸೂಜಿಯ ಕೈಯನ್ನು ಸೊಸೆಯ ತಲೆಯ ಪಕ್ಕದಲ್ಲಿ ಮೇಲಕ್ಕೆ ಚಾಚಿ ಹಿಡಿಯುತ್ತಿದ್ದಳು, ಬಸ್ಸು ನಿಲ್ಲಿಸುವವರ ಹಾಗೆ. ಸೊಸೆ ಎರಡೂ ಕೈ ಹಿಂದೆ ಹಾಕಿ ಮುದುಕಿಯ ತೊಡೆಗಳನ್ನು ಬಿಗಿಯಾಗಿ ಹಿಡಿದು ಏಳುತ್ತಿದ್ದಳು. ಏಳುವಾಗ ಅವಳ ಮಂಡಿ ಲಟಕ್ಕೆನ್ನುತ್ತಿತ್ತು.

"ನನ್ನ ಮೂಳೇನಾ, ನಿನ್ನದಾ?" ಅಂತ ಮುದುಕಿ ಕೇಳುತ್ತಿದ್ದಳು.

"ನಂದೇ ಅತ್ತೆ. ನಿಮ್ಮದು ಮುರಿಯೋಕೆ ಇನ್ನೇನು ಉಳಿದಿದೆ?"

ಮೇಲ್ಸೇತುವೆ ರೈಲು ಹಳಿಗಳ ಮೇಲೆ ಹಾದು ಆಚೆಯ ಮುಖ್ಯರಸ್ತೆಗೆ ಇಳಿಯುತ್ತಿತ್ತು. ವಾರಕ್ಕೆರಡು ಸಲ ಅದನ್ನು ದಾಟಿ ಆಸ್ಪತ್ರೆಗೆ ಹೋಗಬೇಕು. ಹೋಗುವಾಗ ಮುದುಕಿಯ ಮೈಯಲ್ಲಿ ನೀರು ನಿಂತು, ಕಾಲು ಊದಿ, ಕಲ್ಲಿನಷ್ಟು ಭಾರ. ಬರುವಾಗ ಮಷೀನು ನೀರೆಲ್ಲ ಹಿಂಡಿ ತೆಗೆದಿರುತ್ತದೆ, ಭಾರ ಕಡಿಮೆ. ಆದರೆ ಆಗ ಕೊರಳು ಹಿಡಿಯುವ ತ್ರಾಣ ಇರುವುದಿಲ್ಲ. ಒದ್ದೆ ಗೋಣಿಯ ಹಾಗೆ ಬೆನ್ನಿಂದ ಜಾರುತ್ತಾಳೆ. ಹತ್ತುವಾಗ ಎದೆ ಒಡೆಯುತ್ತದೆ, ಇಳಿಯುವಾಗ ಮಂಡಿ. ಪಕ್ಕದ ಕಂಬಿ ಹಿಡಿಯೋಣವೆಂದರೆ ಸೊಸೆಗೆ ಮೂರನೆಯ ಕೈ ಇಲ್ಲ. ಮೆಟ್ಟಿಲ ತುದಿಯಲ್ಲಿ ಒಂದು ಕ್ಯಾಮೆರಾ ಇತ್ತು. ಎಷ್ಟು ಜನ ಓಡಾಡುತ್ತಾರೆಂದು ಎಣಿಸುವುದಕ್ಕೆ ಹಾಕಿದ್ದಾರಂತೆ. ಮುದುಕಿ ಪ್ರತಿ ಸಲವೂ ಅದರ ಕಡೆ ನೋಡಿ ಬೊಚ್ಚುಬಾಯಿ ತೆರೆದು ನಗುತ್ತಿದ್ದಳು.

ಕೇರಿಯಲ್ಲಿ ಎಲ್ಲರೂ ಈ ಸೊಸೆಯನ್ನು ದೊಡ್ಡಸೊಸೆ ಅಂತಲೇ ಕರೆಯುತ್ತಿದ್ದರು. ಚಿಕ್ಕಸೊಸೆ ಇನ್ನೂ ಬಂದಿರಲಿಲ್ಲ, ಮೈದುನನಿಗೆ ಮದುವೆ ಆಗಿರಲಿಲ್ಲ. ಗಂಡ ಹೂಳೆತ್ತುವ ಹಡಗಿನಲ್ಲಿ ಕೂಲಿ. ನದಿ ಕಡಲು ಸೇರುವ ಕಡೆ ಹಡಗು ನಿಂತಿರುತ್ತಿತ್ತು, ತಿಂಗಳುಗಟ್ಟಲೆ ಅವನು ಮನೆ ಮುಖ ನೋಡುತ್ತಿರಲಿಲ್ಲ. ಅವನು ಬಂದಾಗ ಅಮ್ಮನನ್ನು ಅವನು ಹೊರುತ್ತಿದ್ದ. ಉಳಿದ ದಿನವೆಲ್ಲ ದೊಡ್ಡಸೊಸೆಯ ಬೆನ್ನೇ ಮುದುಕಿಯ ಗಾಡಿ.

ಮೊದಲು ಹೀಗಿರಲಿಲ್ಲ. ಕೇರಿಯ ಮುಂದೆ ನದಿ, ಹಿಂದೆ ರೈಲಿನ ಗೋಡೆ, ಪಕ್ಕಕ್ಕೆ ಹಳೆಯ ಗೋದಾಮುಗಳು. ಗೋದಾಮಿನ ಗೋಡೆಗೂ ರೈಲಿನ ಗೋಡೆಗೂ ನಡುವೆ ಒಂದು ಸಂದಿಯಿತ್ತು. ಆಟೋ ಬರುವಷ್ಟು ಅಗಲ. ಆ ಸಂದಿ ಹಳಿಗಳ ಕೆಳಗಿನ ಹಳೇ ಕಮಾನಿನಲ್ಲಿ ನುಗ್ಗಿ ಮುಖ್ಯರಸ್ತೆಗೆ ಸೇರುತ್ತಿತ್ತು. ಹೆರಿಗೆಗೆ ಹೋದವರು ಆ ಸಂದಿಯಲ್ಲೇ ಹೋದರು, ಕೂಸು ಎತ್ತಿಕೊಂಡು ಆ ಸಂದಿಯಲ್ಲೇ ಬಂದರು. ಸತ್ತವರನ್ನು ಹೊತ್ತದ್ದೂ ಅಲ್ಲೇ. ಅದಕ್ಕೊಂದು ಹೆಸರಿರಲಿಲ್ಲ. ದಾರಿಗೆ ಹೆಸರು ಯಾಕೆ ಬೇಕು, ಇತ್ತಲ್ಲ.

ಆಮೇಲೆ ನದಿದಂಡೆಯ ಅಭಿವೃದ್ಧಿ ಶುರುವಾಯಿತು. ಕೇರಿಯ ಗಂಡಸರು ಮರಳು, ಇದ್ದಿಲು ಇಳಿಸುತ್ತಿದ್ದ ದಂಡೆಗೆ ಹೊಳೆಯುವ ಕಲ್ಲಿನ ಹಾಸು ಬಂತು. ಬೆಂಚು, ದೀಪದ ಕಂಬ, ಹುಲ್ಲಿನ ಮೆತ್ತೆ. ಗೋದಾಮುಗಳು ಹೋಟೆಲುಗಳಾದವು. ಗಂಡಸರ ಕೂಲಿ ಹೋಯಿತು, ಹೆಂಗಸರಿಗೆ ಗುಡಿಸುವ ಕೆಲಸ ಬಂತು. ದೊಡ್ಡಸೊಸೆ ಬೆಳಗಿನಿಂದ ಸಂಜೆಯವರೆಗೆ ಕುಕ್ಕರಗಾಲಿನಲ್ಲಿ ಜರುಗುತ್ತ, ಕಲ್ಲಿಗೆ ಅಂಟಿದ ಚೂಯಿಂಗ್ ಗಮ್ಮನ್ನು ಬ್ಲೇಡಿನಿಂದ ಕೆರೆಯುತ್ತಿದ್ದಳು. ಯಾರು ಯಾರೋ ಜಗಿದು ಉಗಿದದ್ದು. ಅದು ಉಗುರಿನ ಸಂದಿಗೆ ಹೋಗಿ ಕೂತರೆ ಸೀಮೆಎಣ್ಣೆ ಹಾಕಿದರೂ ಬಿಡುತ್ತಿರಲಿಲ್ಲ. ಕಕ್ಕಸು ತೊಳೆಯುವುದೂ ಅವಳೇ. ತೊಳೆಯಬಹುದು, ಒಳಗೆ ಹೋಗಿ ಕೂರುವಂತಿಲ್ಲ. ಬೆಂಚು ಒರೆಸಬಹುದು, ಕೂರುವಂತಿಲ್ಲ. ದಂಡೆಯುದ್ದಕ್ಕೂ ಬರುವವರನ್ನು ಕರೆದೊಯ್ಯಲು ಪುಟ್ಟ ಪುಟ್ಟ ಬ್ಯಾಟರಿ ಗಾಡಿಗಳಿದ್ದವು. ಅವನ್ನೂ ದಿನಾ ಬೆಳಿಗ್ಗೆ ತೊಳೆಯಬೇಕು. ಒಮ್ಮೆ ಸೀಟಿನ ಮೂಲೆ ಒರೆಸಲು ಅದರ ಮೇಲೆ ಮಂಡಿಯೂರಿದ್ದಳು. ಹತ್ತಲು ಬಂದ ಒಬ್ಬಾಕೆ, "ಇನ್ನೊಂದು ಗಾಡಿ ಬರಲಿ, ನಾವು ಕಾಯ್ತೀವಿ" ಅಂದಳು. ಬಹಳ ನಯವಾಗಿಯೇ ಅಂದಳು. ಆ ದಿನ ದೊಡ್ಡಸೊಸೆಗೆ ಅನ್ನ ಸೇರಲಿಲ್ಲ.

ಎಲ್ಲಕ್ಕಿಂತ ದೊಡ್ಡದು ಕೋಟು. ಕಿತ್ತಳೆ ಬಣ್ಣದ ಕೋಟು. ಬೆಳಿಗ್ಗೆ ಕೇರಿಯ ಕಡೆಯ ಸಣ್ಣ ಕಬ್ಬಿಣದ ಬಾಗಿಲನ್ನು ಮೇಸ್ತ್ರಿ ತೆಗೆಯುತ್ತಿದ್ದ. ಕೋಟು ಹಂಚಿ, ಒಳಗೆ ಬಿಟ್ಟು, ಮತ್ತೆ ಬೀಗ ಹಾಕುತ್ತಿದ್ದ. ಸಂಜೆ ಕೋಟನ್ನು ದಂಡೆಯ ಇನ್ನೊಂದು ತುದಿಯಲ್ಲಿ, ಮುಖ್ಯರಸ್ತೆಗೆ ತೆರೆಯುವ ದೊಡ್ಡ ಗೇಟಿನಲ್ಲಿ ಬಿಚ್ಚಿ ಕೊಡಬೇಕು. ಕೊಟ್ಟ ಮೇಲೆ ತಿರುಗಿ ಒಳಗೆ ಬರುವಂತಿಲ್ಲ. ಮನೆ ಅಲ್ಲೇ ಕಾಣುತ್ತಿರುತ್ತದೆ, ಮನೆಯ ಒಲೆಯ ಹೊಗೆ ಕಾಣುತ್ತಿರುತ್ತದೆ. ಅಲ್ಲಿಗೆ ಹೋಗಲು ಮುಖ್ಯರಸ್ತೆ ಸುತ್ತಿ, ಮೇಲ್ಸೇತುವೆ ಹತ್ತಿ ಇಳಿಯಬೇಕು. ಗೇಟಿನ ಪಕ್ಕ ಒಂದು ಫಲಕ ಇತ್ತು: ಇದು ವಿಹಾರಪಥ. ಹಾದುಹೋಗುವ ದಾರಿಯಲ್ಲ.

ಎಲ್ಲಿಗೂ ಹೋಗಬೇಕಾಗಿಲ್ಲದವರು ಮಾತ್ರ ಅಲ್ಲಿ ನಡೆಯಬಹುದಿತ್ತು.

ಆ ಗೇಟಿಗೆ ಕಾವಲುಗಾರ ಯಾರು ಅಂದರೆ ದೊಡ್ಡಸೊಸೆಯ ಮೈದುನ, ಮುದುಕಿಯ ಕಿರಿಮಗ. ಹಗಲೆಲ್ಲ ಗೇಟು ಬಿಟ್ಟು ಕದಲುವಂತಿಲ್ಲ, ಅಮ್ಮನನ್ನು ಹೊರಲು ಸಿಗುತ್ತಿರಲಿಲ್ಲ. ಓದಿದ ಹುಡುಗ, ಮೈಕಟ್ಟಿದೆ ಅಂತ ಕೆಲಸ ಕೊಟ್ಟರು ಎಂದು ಮನೆಯವರೆಲ್ಲ ಹಿಗ್ಗಿದ್ದರು. ಆಮೇಲೆ ಗೊತ್ತಾಯಿತು. ಕೇರಿಯ ಒಂದೊಂದು ಮುಖವೂ ಅವನಿಗೆ ಗುರುತು. ಒಳ್ಳೆ ಬಟ್ಟೆ ಹಾಕಿಕೊಂಡು ಬಂದರೂ ಅವನು ಹಿಡಿದುಬಿಡುತ್ತಾನೆ. ಅದಕ್ಕೇ ಅವನನ್ನು ಅಲ್ಲಿ ನಿಲ್ಲಿಸಿದ್ದು.

ಇನ್ನು ಸಂದಿಯ ಕತೆ. ಅದನ್ನು ಹೇಳುವಾಗ ದೊಡ್ಡಸೊಸೆಗೆ ಈಗಲೂ ಮೈ ಉರಿಯುತ್ತದೆ, ಯಾಕೆಂದರೆ ಅದನ್ನು ಮುಚ್ಚಿದವರಲ್ಲಿ ಅವಳೂ ಒಬ್ಬಳು.

ಗುಡಿಸುವವರಿಗೆಲ್ಲ ಒಂದು ರೂಢಿಯಿತ್ತು. ಬೆಳಿಗ್ಗೆ ಮೇಸ್ತ್ರಿ ಬಾಗಿಲ ಮುಂದೆ ನಿಂತು ತನ್ನ ಕೈ ಎತ್ತುತ್ತಾನೆ. ಅವನ ಕೈ ಮೇಲೆ ಹೋದ ಕೂಡಲೇ ಎಲ್ಲರ ಕೈ ಮೇಲೆ ಹೋಗಬೇಕು. ಅದೇ ಹಾಜರಿ. ಕೈ ಎತ್ತದವರಿಗೆ ಕೋಟಿಲ್ಲ. ಒಂದು ದಿನ ಮೇಸ್ತ್ರಿ, "ಇವತ್ತು ಕೋಟು ಬೇಡ, ಸಭೆ ಇದೆ, ಹೋಟೆಲಿನ ಹಾಲ್‌ನಲ್ಲಿ ಕೂತ್ಕೊಳ್ಳಿ, ಹಾಜರಿ ಹಾಕ್ತೀನಿ" ಅಂದ. ಕುರ್ಚಿಗಳು ಖಾಲಿ ಕಾಣಬಾರದು, ಅಷ್ಟೆ. ಹೋದರು. ತಂಪು ಗಾಳಿ, ಮೆತ್ತನೆ ಕುರ್ಚಿ, ಬಿಸ್ಕತ್ತು. ಗಾಜಿನ ಪೆಟ್ಟಿಗೆಯಲ್ಲಿ ಇಡೀ ದಂಡೆಯ ಆಟಿಕೆಯಂಥ ಮಾದರಿ. ಒಬ್ಬ ಮೇಡಂ ಗೋಡೆಯ ಮೇಲೆ ನಕ್ಷೆ ಬೀಳಿಸಿ ಮಾತಾಡಿದರು. ಅವರಿಗೆ ಅಂದಿನಿಂದ ನಕ್ಷೆ ಮೇಡಂ ಅಂತಲೇ ಹೆಸರಾಯಿತು. ದಂಡೆಗೆ ಪರ್ಯಾಯ ಸಂಪರ್ಕ ಬೇಕು, ಕಾರಿನಲ್ಲಿ ಬಂದರೆ ಹೊಗೆ, ಅದಕ್ಕೇ ಸೈಕಲ್ ದಾರಿ, ಬ್ಯಾಟರಿ ಗಾಡಿ, ದೋಣಿ ಅಂದರು. ಒಳ್ಳೆಯ ಮಾತೇ. ಕೆಟ್ಟ ಮಾತು ಒಂದೂ ಇರಲಿಲ್ಲ. ಕೊನೆಗೆ, "ಎಲ್ಲರಿಗೂ ಒಪ್ಪಿಗೆ ತಾನೆ?" ಎಂದರು. ಮುಂದಿನ ಸಾಲಿನಲ್ಲಿದ್ದ ಮೇಸ್ತ್ರಿ ಕೈ ಎತ್ತಿದ.

ಅವನ ಕೈ ಮೇಲೆ ಹೋಗಿದ್ದೇ ತಡ, ಹಿಂದಿನ ಸಾಲಿನ ಕೈಗಳೆಲ್ಲ ಮೇಲೆ ಹೋದವು. ಒಂದು ದಿನದ ಹಾಜರಿ ಯಾರಿಗೆ ಬೇಡ? ದೊಡ್ಡಸೊಸೆಯ ಕೈ ಎಲ್ಲರಿಗಿಂತ ಮೇಲಿತ್ತು. ಫೋಟೋ ತೆಗೆದರು. ಚಪ್ಪಾಳೆ ತಟ್ಟಿದರು. ಅವಳು ಮನೆಗೆ ಬಂದು, ಸೆರಗಿನಲ್ಲಿ ಕಟ್ಟಿ ತಂದಿದ್ದ ಬಿಸ್ಕತ್ತನ್ನು ಅತ್ತೆಗೆ ಕೊಟ್ಟಳು.

ಸ್ವಲ್ಪ ದಿನದಲ್ಲೇ ಸಂದಿಗೆ ಕಬ್ಬಿಣದ ಬೇಲಿ ಬಂತು. ನಕ್ಷೆಯ ಸೈಕಲ್ ದಾರಿ ಹಾದದ್ದು ಅದರಲ್ಲೇ. ಕೇರಿಯವರು ಗುಂಪು ಕಟ್ಟಿಕೊಂಡು ಹೋಗಿ ಕೂಗಾಡಿದರು. ಎಂಜಿನಿಯರು ತಾಳ್ಮೆಯಿಂದ ಕೇಳಿಸಿಕೊಂಡು, "ನೀವೇ ಕೈ ಎತ್ತಿದ್ದೀರಲ್ಲಮ್ಮ" ಎಂದ. ಕೈಯೆತ್ತಿದ್ದ ಫೋಟೋವನ್ನು ದೊಡ್ಡದಾಗಿ ಮಾಡಿಸಿ ದಂಡೆಯ ಮೇಲೆ ನಿಲ್ಲಿಸಿದ್ದರು. ಜನರಿಂದ, ಜನರಿಗಾಗಿ ಎಂದು ಕೆಳಗೆ ಬರೆದಿತ್ತು. ಅದರ ಬುಡದಲ್ಲಿ ದಿನಾ ಕಸ ಗುಡಿಸುವುದು ದೊಡ್ಡಸೊಸೆಯ ಪಾಲಿಗೇ ಬಂದಿತ್ತು. ತಲೆ ಎತ್ತಿದರೆ ತನ್ನದೇ ಕೈ. ಅವಳು ತಲೆ ಎತ್ತುತ್ತಿರಲಿಲ್ಲ.

ಸಂದಿಗೆ ಬದಲು ಮೇಲ್ಸೇತುವೆ ಕೊಟ್ಟಿದ್ದೇವೆ, ಹತ್ತಲಾಗದವರಿಗೆ ಎರಡನೇ ಹಂತದಲ್ಲಿ ಲಿಫ್ಟ್ ಬರುತ್ತದೆ ಅಂದಿದ್ದರು. ಲಿಫ್ಟಿಗೆಂದು ಮೆಟ್ಟಿಲ ಬುಡದಲ್ಲಿ ಗುಂಡಿಯನ್ನೂ ತೋಡಿದ್ದರು. ಗುಂಡಿಯಲ್ಲಿ ನೀರು ನಿಂತು ಪಾಚಿ ಕಟ್ಟಿತು. ಮುದುಕಿ ಅದರ ಪಕ್ಕ ಹಾದುಹೋಗುವಾಗಲೆಲ್ಲ, "ಲಿಫ್ಟು ಬಂದ ಮೇಲೇ ಸಾಯೋದು ಕಣೆ ನಾನು, ಒಂದು ಸಲ ಹತ್ತಿ ನೋಡ್ಬೇಕು" ಅನ್ನುತ್ತಿದ್ದಳು. ದೊಡ್ಡಸೊಸೆ ನಗುತ್ತಿದ್ದಳು. ಆದರೆ ಒಳಗೆ ಅವಳಿಗೂ ಆ ಗುಂಡಿಯೇ ಆಸೆ. ಅವಳ ಎಡಮಂಡಿ ಈಚೆಗೆ ಮಡಿಸಿದರೆ ಬಿಚ್ಚುತ್ತಿರಲಿಲ್ಲ. ಒಂದು ದಿನ ಮೆಟ್ಟಿಲ ಮಧ್ಯೆ ಅದು ಕೈಕೊಟ್ಟರೆ ಇಬ್ಬರೂ ಕೆಳಗೆ. ಹೊರುವುದನ್ನು ನಿಲ್ಲಿಸಿದರೆ ಮುದುಕಿ ಹತ್ತು ದಿನ ಬದುಕುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ಬೇರೆ ಕಡೆ ಮನೆ ಹಿಡಿಯೋಣವೆಂದರೆ ಯಾರು ಕೊಡುತ್ತಾರೆ? ಕೆಲಸ ಬಿಡೋಣವೆಂದರೆ ಉಣ್ಣುವುದು ಏನು? ಯಾವ ಕಡೆ ತಿರುಗಿದರೂ ಗೋಡೆ.

ಹೀಗಿರುವಾಗ ಎರಡನೇ ಹಂತದ ಸಭೆ ಬಂತು.

ಹಿಂದಿನ ದಿನ ಮೇಸ್ತ್ರಿ ಕೋಟು ವಾಪಸು ಪಡೆಯುವಾಗ, "ನಾಳೆ ಕೋಟಿಲ್ಲ, ಒಳ್ಳೆ ಸೀರೆ ಉಟ್ಟು ಬನ್ನಿ, ನಾಳೆ ನೀವು ಪಬ್ಲಿಕ್ಕು" ಎಂದ. ಮರುದಿನವೇ ಆಸ್ಪತ್ರೆಯ ದಿನವೂ ಆಗಿತ್ತು. ದೊಡ್ಡಸೊಸೆಯ ತಲೆಯಲ್ಲಿ ಒಂದು ಯೋಚನೆ ಮಿಂಚಿತು. ಪಬ್ಲಿಕ್ಕಾದರೆ ಸಣ್ಣ ಬಾಗಿಲಿಂದ ಒಳಗೆ ಹೋಗಿ, ಸಮನಾದ ಕಲ್ಲುಹಾಸಿನ ಮೇಲೆ ನಡೆದು, ದೊಡ್ಡ ಗೇಟಿನಿಂದ ರಸ್ತೆಗೆ ಬೀಳಬಹುದು. ಒಂದೂ ಮೆಟ್ಟಿಲಿಲ್ಲ. ಒಂದು ದಿನ ಮಂಡಿಗೆ ರಜೆ.

ಬೆಳಿಗ್ಗೆ ಅತ್ತೆಗೆ ತಲೆ ಬಾಚಿ, ಇದ್ದುದರಲ್ಲಿ ಒಳ್ಳೆಯ ಸೀರೆ ಉಡಿಸಿ, ಬೆನ್ನಿಗೇರಿಸಿಕೊಂಡು ಬಾಗಿಲಿಗೆ ಬಂದಳು. ಮೇಸ್ತ್ರಿ ಹುಬ್ಬು ಗಂಟಿಕ್ಕಿದ.

"ಇದೇನು, ಹೆಗಲ ಮೇಲೆ ಮೆರವಣಿಗೆ?"

"ನೀವೇ ಹೇಳಿದ್ರಲ್ಲ, ಜನ ಬೇಕು ಅಂತ. ಇವರೂ ಜನಾನೇ."

ಮೇಸ್ತ್ರಿ ಕುರ್ಚಿಗಳನ್ನು ನೆನೆದ. ಒಂದು ತಲೆ ಹೆಚ್ಚಾಯಿತಲ್ಲ ಎಂದುಕೊಂಡ. "ಬರಲಿ. ಮಧ್ಯೆ ಎದ್ದು ಹೋಗೋ ಹಾಗಿಲ್ಲ ಮತ್ತೆ" ಎಂದ.

ಮುದುಕಿ ಈ ದಂಡೆ ನೋಡಿ ಎಷ್ಟೋ ಕಾಲವಾಗಿತ್ತು. ಇಲ್ಲೇ ಅವಳು ಮರಳು ಹೊತ್ತದ್ದು. ಸೊಸೆಯ ಕಿವಿಯ ಹತ್ತಿರ ಅವಳ ಉಸಿರು ಜೋರಾಯಿತು.

"ಎಷ್ಟು ನುಣ್ಣಗಿದೆಯೇ ನೆಲ!"

"ನಾನು ಕೆರೆದದ್ದು ಅತ್ತೆ."

"ಎದುರಿಗೆ ಅಷ್ಟು ನೀರಿದೆ, ನನಗೆ ದಿನಕ್ಕೆ ಎರಡು ಲೋಟ ಅಂತೆ. ಬೇವಾರ್ಸಿ ಡಾಕ್ಟರು." ಮುದುಕಿ ತುಟಿ ಸವರಿಕೊಂಡಳು.

ಹಾಲ್ ಬಾಗಿಲಲ್ಲಿ ಮೇಸ್ತ್ರಿ ಅಡ್ಡ ನಿಂತು ಎಲ್ಲರನ್ನೂ ಒಳಗೆ ತಳ್ಳಿದ. ತಪ್ಪಿಸಿಕೊಳ್ಳುವ ದಾರಿಯಿರಲಿಲ್ಲ. ಇರಲಿ, ಆಸ್ಪತ್ರೆಗೆ ಇನ್ನೂ ಹೊತ್ತಿದೆ, ಕೈ ಎತ್ತಿ ಹೊರಟುಬಿಡೋಣ ಎಂದು ದೊಡ್ಡಸೊಸೆ ಅತ್ತೆಯನ್ನು ಕೊನೆಯ ಸಾಲಿನ ಕುರ್ಚಿಯಲ್ಲಿ ಇಳಿಸಿದಳು. ಹೌದು, ಕೈ ಎತ್ತಲೆಂದೇ ಅವಳು ಒಳಗೆ ಬಂದದ್ದು. ಸುಳ್ಳು ಯಾಕೆ ಹೇಳಬೇಕು. ಪಕ್ಕದಲ್ಲಿ ಅವಳ ಜೊತೆ ಗುಡಿಸುವ ಗೆಳತಿ ಕೂತಿದ್ದಳು. ನಿದ್ದೆಯಲ್ಲೂ ಬಾಯಿ ಮುಚ್ಚುವುದಿಲ್ಲ ಎಂದು ಅವಳಿಗೆ ರೇಡಿಯೊ ಅಂತ ಹೆಸರು. ರೇಡಿಯೊ ಆಗಲೇ ಬಿಸ್ಕತ್ತಿನ ಬಗ್ಗೆ ವಿಚಾರಣೆ ಶುರುಮಾಡಿದ್ದಳು.

ನಕ್ಷೆ ಮೇಡಂ ಬಂದರು. ಅದೇ ನಗು. ಗಾಜಿನ ಪೆಟ್ಟಿಗೆಯೂ ಅದೇ. ದೊಡ್ಡಸೊಸೆ ಈ ಸಲ ಎದ್ದು ಹೋಗಿ ಅದನ್ನು ಹತ್ತಿರದಿಂದ ನೋಡಿದಳು. ನದಿಯಿತ್ತು, ಗಾಡಿಗಳಿದ್ದವು, ಸೈಕಲ್ ಮೇಲೆ ಬೆರಳಿನ ಉಗುರಿನಷ್ಟು ಮನುಷ್ಯರಿದ್ದರು. ತನ್ನ ಮನೆ ಹುಡುಕಿದಳು. ಕೇರಿ ಇರಬೇಕಾದ ಕಡೆ ಹಸಿರು ಸ್ಪಂಜಿನ ತುಂಡು ಅಂಟಿಸಿದ್ದರು. ಅವಳು ಬಂದು ಕೂತಳು.

"ಈಗ ಕೊನೆಯ ವಿಷಯ" ಎಂದರು ನಕ್ಷೆ ಮೇಡಂ. "ಮೇಲ್ಸೇತುವೆಯ ಲಿಫ್ಟ್. ನಾವು ಇದನ್ನು ಬಹಳ ವೈಜ್ಞಾನಿಕವಾಗಿ ಪರಿಶೀಲಿಸಿದ್ದೇವೆ. ಅಲ್ಲಿ ಓಡಾಡುವವರನ್ನೆಲ್ಲ ಕ್ಯಾಮೆರಾದಲ್ಲಿ ಎಣಿಸಿದ್ದೇವೆ. ಮೆಟ್ಟಿಲು ಹತ್ತಲಾಗದವರು ಒಬ್ಬರೂ ಆ ಸೇತುವೆ ಬಳಸಿಲ್ಲ. ಆದ್ದರಿಂದ ಲಿಫ್ಟ್ ಕೈಬಿಟ್ಟು, ಆ ಜಾಗದಲ್ಲಿ ಬಾಡಿಗೆ ಸೈಕಲ್ ನಿಲ್ದಾಣ ಮಾಡುವ ಪ್ರಸ್ತಾವ ಇದೆ."

ದೊಡ್ಡಸೊಸೆಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಆಯಿತು. ಹತ್ತಿದ ಕಾಲುಗಳನ್ನಷ್ಟೇ ಕ್ಯಾಮೆರಾ ನೋಡಿತ್ತು. ಹತ್ತಿದ್ದು ಅವಳ ಕಾಲು. ಅವಳ ಬೆನ್ನ ಮೇಲಿದ್ದದ್ದು ಮನುಷ್ಯ ಅಲ್ಲ, ಮೂಟೆ. ಎರಡು ಜೀವ ಒಂದಾಗಿತ್ತು. ಹೊತ್ತಿದ್ದಕ್ಕೇ ಹೊರುವುದು ಕಾಯಂ ಆಗಿತ್ತು. ಹೊರದೆ ಕೆಳಗೆ ಬಿಟ್ಟಿದ್ದರೆ ಸತ್ತು ಹೋಗುತ್ತಿದ್ದಳು, ಆಗಲೂ ಬಳಸುವವರು ಇಲ್ಲವೇ.

"ಹತ್ತಲಾಗದವಳು ಹತ್ತಿ ತೋರಿಸೋದು ಹೇಗಮ್ಮಾ?" ಹಿಂದಿನ ಸಾಲಿನಿಂದ ಮುದುಕಿಯ ಧ್ವನಿ ಬಂತು.

ನಕ್ಷೆ ಮೇಡಂ ನಕ್ಕರು. "ಪ್ರಶ್ನೆಗಳಿಗೆ ಆಮೇಲೆ ಸಮಯ ಇದೆ ಅಜ್ಜಿ. ಈಗ ಎಲ್ಲರಿಗೂ ಒಪ್ಪಿಗೆ ತಾನೆ?"

ಮೇಸ್ತ್ರಿ ಕೈ ಎತ್ತಿದ.

ಕೈಗಳು ಎದ್ದವು. ಸಾಲು ಸಾಲಾಗಿ ಎದ್ದವು. ರೇಡಿಯೊಳ ಕೈಯೂ ಎದ್ದಿತು, ಅದು ಎದ್ದದ್ದು ಅವಳಿಗೇ ಗೊತ್ತಿದ್ದ ಹಾಗಿರಲಿಲ್ಲ. ದೊಡ್ಡಸೊಸೆಯ ಬಲಗೈ ತೊಡೆಯ ಮೇಲಿಂದ ತಾನಾಗಿ ಎದ್ದು ಎದೆಯವರೆಗೆ ಬಂತು. ಇಷ್ಟು ದಿನದ ರೂಢಿ. ಅವಳು ತನ್ನ ಕೈಯನ್ನು ಬೇರೆಯವರ ಕೈಯ ಹಾಗೆ ನೋಡಿದಳು. ಆಮೇಲೆ ಅದನ್ನು ಎಳೆದು ಹಿಂದೆ ಹಾಕಿದಳು. ಕುರ್ಚಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತಳು.

"ಹತ್ತಿ ಅತ್ತೆ."

"ಈಗಲಾ?"

"ಈಗಲೇ."

ಮುದುಕಿ ಬಲಗೈ ಸುತ್ತಿದಳು, ಎಡಗೈ ಮೇಲಕ್ಕೆ ಚಾಚಿದಳು. ದೊಡ್ಡಸೊಸೆ ತೊಡೆಗಳನ್ನು ಹಿಡಿದು ಎದ್ದಳು. ಮಂಡಿಯ ಸದ್ದು ಆ ತಂಪು ಹಾಲ್‌ನಲ್ಲಿ ಎಲ್ಲರಿಗೂ ಕೇಳಿಸಿತು. ಸಾಲುಗಳ ನಡುವೆ ನಡೆದು ಗಾಜಿನ ಪೆಟ್ಟಿಗೆಯ ಪಕ್ಕ ನಿಂತಳು. ಫೋಟೋದವನಿಗೆ ಅವಳ ಗುರುತು ಸಿಕ್ಕಿತು. ದಂಡೆಯ ಮೇಲಿನ ಚಿತ್ರದ ಹೆಂಗಸು.

"ಕೈ ಎತ್ತಮ್ಮಾ, ಹೋದ ಸಲದ ಹಾಗೆ" ಎಂದ.

"ನನ್ನ ಕೈ ಖಾಲಿ ಇಲ್ಲ."

"ಒಂದೇ ಕೈ ಸಾಕು."

"ಒಂದು ಬಿಟ್ರೆ ಇವರು ಬೀಳ್ತಾರೆ. ಬೀಳಿಸ್ಲಾ? ಕ್ಯಾಮೆರಾ ಹಿಡಿದಿದ್ದೀರಲ್ಲ, ಎಣಿಸ್ಕೊಳ್ಳಿ. ನಾನು ಒಂದು, ಇವರು ಎರಡು. ವಾರಕ್ಕೆ ಎರಡು ಸಲ ನಿಮ್ಮ ಮೆಟ್ಟಿಲು ಹತ್ತಿದ್ದೀವಿ. ಒಪ್ಪಿಗೆ ಇಲ್ಲ. ಹೋದ ಸಲಾನೂ ಇರ್ಲಿಲ್ಲ. ಅದು ಹಾಜರಿ ಅಂತ ಎತ್ತಿದ್ದು."

ನಕ್ಷೆ ಮೇಡಂ ಮುಖ ಕೆಂಪಗಾಯಿತು. ಅವರು ಕೆಟ್ಟವರೇನಲ್ಲ. ಒಂದು ಗಳಿಗೆ ಮುದುಕಿಯ ಊದಿದ ಪಾದಗಳನ್ನೇ ನೋಡಿದರು. ಆಮೇಲೆ ಕೈಗಡಿಯಾರ ನೋಡಿದರು. "ನಿಮ್ಮ ಅಭಿಪ್ರಾಯ ದಾಖಲಿಸಿಕೊಳ್ಳುತ್ತೇವೆ. ಬಹುಮತ ಇದೆಯಲ್ಲ?" ಎಂದು ಸಹಾಯಕನ ಕಡೆ ತಿರುಗಿದರು.

ಸಹಾಯಕ ಬೆರಳು ತೋರಿಸುತ್ತ ಕೈಗಳನ್ನು ಎಣಿಸುತ್ತಿದ್ದ. ದೊಡ್ಡಸೊಸೆಯ ತಲೆಯ ಪಕ್ಕದಲ್ಲಿ ಮೇಲಕ್ಕೆ ಚಾಚಿದ್ದ ಆ ಒಣ ಕೈಯನ್ನೂ ಎಣಿಸಿದ.

"ಏಯ್! ಅದು ಸೂಜಿ ಕೈ ಕಣಯ್ಯಾ!" ಮುದುಕಿ ಕಿರುಚಿದಳು. "ಇಳಿಸೋಕಾಗಲ್ಲ ಅಂತ ಎತ್ತಿದ್ದೀನಿ, ಒಪ್ಪಿಗೆ ಅಂತ ಅಲ್ಲ!"

ಅಷ್ಟರಲ್ಲಿ ಯಾರೋ ಚಪ್ಪಾಳೆ ಶುರುಮಾಡಿದ್ದರು. ಮುದುಕಿಯ ಮಾತು ಅದರಲ್ಲಿ ಮುಳುಗಿತು.

ಹೊರಗೆ ಬರುವಾಗ ಮೇಸ್ತ್ರಿ ಹಿಂದೆಯೇ ಬಂದ. ಹಲ್ಲು ಕಚ್ಚಿಕೊಂಡು ಮಾತಾಡಿದ. "ನಾಳೆಯಿಂದ ನಿನಗೆ ಕೋಟಿಲ್ಲ. ನನ್ನ ಹೊಟ್ಟೆ ಮೇಲೂ ಹೊಡೆದೆಯಲ್ಲೇ."

"ನಿಮ್ಮ ಕೈ ಇಳಿಸಿ ಮೊದಲು" ಎಂದಳು ದೊಡ್ಡಸೊಸೆ. ಮೇಸ್ತ್ರಿ ನೋಡಿಕೊಂಡ. ಗಾಬರಿಯಲ್ಲಿ ಅವನ ಕೈ ಇನ್ನೂ ಮೇಲೇ ಇತ್ತು.

ದೊಡ್ಡ ಗೇಟಿನಲ್ಲಿ ಮೈದುನ ನಿಂತಿದ್ದ. ಅಮ್ಮನನ್ನು ಅತ್ತಿಗೆಯ ಬೆನ್ನ ಮೇಲೆ ನೋಡಿ ಅವನ ಮುಖ ಸಣ್ಣದಾಯಿತು. ಹೊರಗೆ ಹೋಗುವವರನ್ನು ತಡೆಯುವ ನಿಯಮ ಇರಲಿಲ್ಲ, ಅಷ್ಟು ಪುಣ್ಯ.

"ಸಲಾಮು ಹೊಡಿಯೋ" ಎಂದಳು ಮುದುಕಿ. "ಇವತ್ತು ನಾನು ಪಬ್ಲಿಕ್ಕು."

ಅವನು ನಗಲಿಲ್ಲ. ಗೇಟು ತೆಗೆದು, ಯಾರಿಗೂ ಕೇಳದ ಹಾಗೆ ಹೇಳಿದ: "ಅತ್ತಿಗೆ, ಸಭೆ ಮುಗೀತು. ವಾಪಸ್ ಬರುವಾಗ ಈ ಕಡೆ ಬರ್ಬೇಡಿ. ನನ್ನ ಕೈಲಿ ಬಿಡೋಕಾಗಲ್ಲ."

ಆಸ್ಪತ್ರೆಯಲ್ಲಿ ತಡವಾಗಿ ಬಂದರೆಂದು ನರ್ಸು ಬೈದಳು. ಮುದುಕಿಯ ಮಂಚ ಬೇರೆಯವರ ಪಾಲಾಗಿತ್ತು, ಕಾಯಿಸಿದರು. ಸೂಜಿ ಚುಚ್ಚಿದ ಮೇಲೆ ದೊಡ್ಡಸೊಸೆ ಮಂಚದ ಕಾಲಿಗೆ ಒರಗಿ ಕೂತು ಮಂಡಿ ಒತ್ತಿಕೊಂಡಳು. ಅದು ಊದಿತ್ತು. ನಾಳೆಯ ಬಗ್ಗೆ ಯೋಚಿಸಲು ಹೋದಳು, ಆಗಲಿಲ್ಲ. ಕೋಟಿಲ್ಲ, ಲಿಫ್ಟಿಲ್ಲ, ಮಂಡಿಯೂ ಇಲ್ಲ. ಅಳು ಬಂತು. ನರ್ಸು ನೋಡಿದಳೆಂದು ಕೆಮ್ಮಿದ ಹಾಗೆ ಮಾಡಿದಳು.

ಸಂಜೆ ಆಟೋದವನು ಇಬ್ಬರನ್ನೂ ಮುಖ್ಯರಸ್ತೆಯಲ್ಲಿ ಇಳಿಸಿದ. ಒಂದು ಕಡೆ ಮೇಲ್ಸೇತುವೆಯ ಮೆಟ್ಟಿಲು. ಇನ್ನೊಂದು ಕಡೆ ದಂಡೆಯ ದೊಡ್ಡ ಗೇಟು, ಅದರಾಚೆ ಸಮತಟ್ಟಾದ ದಾರಿ, ದಾರಿಯ ಕೊನೆಗೆ ಕೇರಿ. ಮುದುಕಿಗೆ ತಲೆ ನಿಲ್ಲುತ್ತಿರಲಿಲ್ಲ. ದೊಡ್ಡಸೊಸೆ ಅಭ್ಯಾಸದಂತೆ ಮೆಟ್ಟಿಲ ಬುಡದಲ್ಲಿ ಕುಕ್ಕರಗಾಲಿನಲ್ಲಿ ಕೂತಳು. ಅತ್ತೆಯನ್ನು ಬೆನ್ನಿಗೆ ಎಳೆದುಕೊಂಡಳು. ಎದ್ದಳು. ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟಳು.

ಮೇಲಿನಿಂದ ಕ್ಯಾಮೆರಾ ನೋಡುತ್ತಿತ್ತು. ಒಂದು, ಎಂದು ಎಣಿಸಲು ಕಾದಿತ್ತು.

ದೊಡ್ಡಸೊಸೆ ಕಾಲು ಹಿಂದಕ್ಕೆ ತೆಗೆದಳು.

"ಯಾಕೇ?" ಎಂದಳು ಮುದುಕಿ, ಕೇಳಿಸದಷ್ಟು ಮೆಲ್ಲಗೆ.

"ಹತ್ತಲ್ಲ ಅತ್ತೆ. ಇನ್ನು ಹತ್ತಲ್ಲ."

ತಿರುಗಿ ಗೇಟಿನ ಕಡೆ ನಡೆದಳು. ಕೋಲು ಅಡ್ಡ ಹಾಕಿ ಮೈದುನ ನಿಂತಿದ್ದ. ಅವನು ತಲೆಯಾಡಿಸಿದ. ಬೇಡ ಎಂದು ಕಣ್ಣಲ್ಲೇ ಬೇಡಿಕೊಂಡ. ಅವಳು ಅವನ ಜೊತೆ ಜಗಳ ಆಡಲಿಲ್ಲ. ಬ್ಯಾಟರಿ ಗಾಡಿಗಳು ಒಳಗೂ ಹೊರಗೂ ಓಡಾಡುವ ಆ ಇಕ್ಕಟ್ಟಾದ ಬಾಯಲ್ಲಿ ಅತ್ತೆಯನ್ನು ಇಳಿಸಿ, ಪಕ್ಕದಲ್ಲಿ ತಾನೂ ಕಾಲು ಚಾಚಿ ಕೂತಳು. ಮುದುಕಿಯ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಸೂಜಿಯ ಕೈಯನ್ನು ಜೋಪಾನವಾಗಿ ಎತ್ತಿ ತನ್ನ ಹೆಗಲಿಗೆ ಒರಗಿಸಿಕೊಂಡಳು.

ಒಳಗಿಂದ ಒಂದು ಗಾಡಿ ಬಂದು ನಿಂತಿತು. ಅದರ ಹಿಂದೆ ಇನ್ನೊಂದು. ಆ ದಿನ ಬೆಳಿಗ್ಗೆ ಅವಳು ತೊಳೆಯದ ಗಾಡಿಗಳು, ಧೂಳು ಹಿಡಿದಿದ್ದವು. ರಸ್ತೆಯ ಕಡೆಯಿಂದಲೂ ಒಂದು ಬಂತು. ತುಂಬ ಜನ ಕೂತಿದ್ದರು. ಮೊದಲು ಗಂಟೆ ಬಾರಿಸಿದರು, ಆಮೇಲೆ ಕೂಗಿದರು.

"ಏನಮ್ಮಾ ಇದು? ಇಲ್ಲಿ ಸಿಕ್ಕಿಹಾಕ್ಕೊಂಡ್ವಲ್ಲ ನಾವು! ನಮಗೆ ಮನೆಗೆ ಹೋಗ್ಬೇಕು!"

"ನಮಗೂ" ಎಂದಳು ದೊಡ್ಡಸೊಸೆ.

ಕೆಲಸ ಮುಗಿಸಿದ ಗುಡಿಸುವವರು ಕೋಟು ಬಿಚ್ಚಿ ಕೊಡಲು ಗೇಟಿಗೆ ಬಂದರು. ಸಭೆ ಆದ ಮೇಲೆ ಕೋಟು ಹಾಕಿಸಿ ದುಡಿಸಿಕೊಂಡಿದ್ದರು. ಎಲ್ಲರೂ ಬೆಪ್ಪಾಗಿ ನಿಂತರು. ಒಬ್ಬಿಬ್ಬರು ಪಕ್ಕದಲ್ಲಿ ನುಸುಳಿ ಮೆಟ್ಟಿಲ ಕಡೆ ಹೋದರು. ರೇಡಿಯೊ ಹೋಗಲಿಲ್ಲ. ಮುದುಕಿಯ ಮುಖ ನೋಡಿದಳು, ಕೋಟು ಬಿಚ್ಚಿ ಮಡಿಸಿ ಅವಳ ತಲೆಯ ಕೆಳಗೆ ಇಟ್ಟಳು. 'ಆಡಳಿತದ ಸ್ವತ್ತು' ಎಂದು ಮುದ್ರೆ ಹೊಡೆದ ಕೋಟು. ಆಮೇಲೆ ಕೂತಳು. ಒಂದು ಮಾತೂ ಆಡಲಿಲ್ಲ. ಅದನ್ನು ನೋಡಿಯೇ ಇನ್ನೂ ಕೆಲವರು ಕೂತರು.

ಒಳಗಿಂದ ಮೇಸ್ತ್ರಿ ಓಡಿ ಬರುತ್ತಿದ್ದ. ಮೈದುನ ಕಿವಿಗೆ ಸಿಕ್ಕಿಸಿಕೊಂಡಿದ್ದ ವಾಕಿಟಾಕಿಯಲ್ಲಿ ಯಾರೋ ಬೈಯುತ್ತಿದ್ದರು, ಹೊರಗಿನವರಿಗೂ ಕೇಳುತ್ತಿತ್ತು. ಅವನು ಬಗ್ಗಿ ಅತ್ತಿಗೆಯ ಮುಂದೆ ಕೂತ. ಅವನ ಸಮವಸ್ತ್ರದ ಕಂಕುಳು ಬೆವರಿ ಕಪ್ಪಾಗಿತ್ತು. ಕಣ್ಣಲ್ಲಿ ನೀರಿತ್ತು.

"ಅತ್ತಿಗೆ, ನಿಮ್ಮ ಕಾಲಿಗೆ ಬೀಳ್ತೀನಿ. ಏಳಿ. ದಾರೀಲಿ ಹೀಗೆ ಕೂತ್ಕೋಬಾರದು."

ದೊಡ್ಡಸೊಸೆ ಅವನ ಹಿಂದಿನ ಫಲಕ ನೋಡಿದಳು. ಅದರಾಚೆ ಕತ್ತಲಾಗುತ್ತಿದ್ದ ಕೇರಿ ನೋಡಿದಳು. ಆಮೇಲೆ ಅವನನ್ನು ನೋಡಿದಳು.

"ದಾರಿ ಎಲ್ಲಿದೆ ತೋರಿಸಪ್ಪಾ" ಎಂದಳು. "ಎದ್ದು ಹೋಗ್ತೀನಿ."